ಐದು ಬಾರಿನ ಬಂದೂಕು

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ. ಬಂದೂಕು ಇರುವ ಮನೆಗಳಿಗೆ ಮಾತ್ರ ಬೇರೆ ಪದ್ಧತಿ. ಆ ಮನೆಯ ಹಿರಿಯರು ಸತ್ತರೆ ಅಂಗಳದಲ್ಲಿ ನಿಂತು ಮುಗಿಲಿಗೆ ಬಾರು ಹಾರಿಸುತ್ತಾರೆ. ಬಾರು ಹಾರುವವರೆಗೆ ಮನೆಯವರು ಕೂಡ ಗಟ್ಟಿಯಾಗಿ ಅಳುವಂತಿಲ್ಲ. ಹಾರಿದ ಕೂಡಲೇ ಹೊಲದಲ್ಲಿದ್ದವರು ಕುಂಟೆ ಬಿಟ್ಟು, ಒಲೆಯ ಮುಂದಿದ್ದವರು ರೊಟ್ಟಿ ಬಿಟ್ಟು, ಬಿಡುವುದಕ್ಕೆ ಏನೂ ಇಲ್ಲದವರು ಕಟ್ಟೆ ಬಿಟ್ಟು ಓಡಿ ಬರಬೇಕು. ಹಂದಿ, ಚಿಗರಿ ಬೆದರಿಸಲು ಹಾರಿಸುವುದು ಹೊಲದಲ್ಲಿ. ಹೊಲದಲ್ಲಿ ಹಾರಿದರೆ ಹಂದಿ, ಅಂಗಳದಲ್ಲಿ ಹಾರಿದರೆ ಹೆಣ. ಇಷ್ಟು ತಿಳುವಳಿಕೆ ನಮ್ಮೂರಿನ ಹಾಲು ಕುಡಿಯುವ ಕೂಸಿಗೂ ಇತ್ತು.

ಕುಂದಗೋಳ ತಾಲೂಕಿನಲ್ಲಿ, ಯರಗುಪ್ಪಿಯ ಆಚೆ ಇರುವ ನಮ್ಮ ಈ ಸಣ್ಣ ಊರಿನಲ್ಲಿ ಬಂದೂಕಿನ ಮನೆಗಳು ಎರಡೇ ಎರಡು. ಒಂದು ಹೊಳಬಸಪ್ಪನದು, ಅದರ ಪಕ್ಕದ್ದು ಶಂಭುಲಿಂಗಪ್ಪನವರದು. ಎಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಹೊಳಬಸಪ್ಪನ ತಂದೆ ತೀರಿಕೊಂಡರು. ಅವರದು ಜೋಡು ನಳಿಗೆಯ ಬಂದೂಕು. ಢಂ ಢಂ ಎಂದು ಎರಡು ಬಾರು ಹಾರಿದವು. ದಮ್ಮಿನ ಬೇನೆಯಿಂದ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ ಶಂಭುಲಿಂಗಪ್ಪನವರು ತಲೆ ಎತ್ತಿ ಕೇಳಿಸಿಕೊಂಡರು.

“ಎರಡು,” ಅಂದರು. ಸ್ವಲ್ಪ ಕಾದರು. ಮೂರನೆಯದು ಬರಲಿಲ್ಲ. ಅನೇಕ ತಿಂಗಳಿಂದ ಬಾಡಿದ್ದ ಮುಖಕ್ಕೆ ಕಳೆ ಬಂತು. “ಎರಡ ಎರಡು! ನಮ್ದು ಐದು ಬಾರಿನ ಬಂದೂಕ. ನನಗ ಐದ ಆಗಬೇಕು. ಕೇಳಿದೇನೋ ಮಡಿವಾಳಾ?”

“ಹೂಂ,” ಅಂದ ಮಡಿವಾಳೆಪ್ಪ.

ಮಡಿವಾಳೆಪ್ಪ ಶಂಭುಲಿಂಗಪ್ಪನವರ ಒಬ್ಬನೇ ಮಗ. ನಲವತ್ತು ದಾಟಿದ ಗಂಡಸು. ಯಾರು ಏನು ಕೇಳಿದರೂ ‘ಹೂಂ’ ಅನ್ನುವುದು ಅವನ ಹುಟ್ಟುಗುಣ. ‘ಊಹೂಂ’ ಅನ್ನುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಸೈಕಲ್ಲಿನ ಒಂದು ಪಂಕ್ಚರ್ ತೆಗೆಯಲು ಕುಳಿತು ಎರಡು ಮಾಡಿ ಏಳುತ್ತಿದ್ದ. ಇಂಥವನ ಕೈಯಲ್ಲಿ ಶಂಭುಲಿಂಗಪ್ಪನವರು ತಮ್ಮ ಸಾವಿನ ಮರ್ಯಾದೆಯನ್ನು ಇಟ್ಟರು. ಬೇರೆ ಕೈ ಇರಲಿಲ್ಲ.

ಬಂದೂಕಿನ ಸಂಗತಿಯನ್ನೂ ಹೇಳಿಬಿಡಬೇಕು. ಪ್ರಾಯದಲ್ಲಿ ಶಂಭುಲಿಂಗಪ್ಪನವರು ಅದನ್ನು ಕಲಘಟಗಿ ಕಡೆಯ ಒಬ್ಬ ನಿವೃತ್ತ ಫಾರೆಸ್ಟ್ ಸಾಹೇಬರಿಂದ ಕೊಂಡಿದ್ದರು. ಪರದೇಶದ ಮಾಲು. ನಳಿಗೆಯ ಕೆಳಗೆ ಇನ್ನೊಂದು ನಳಿಕೆ. ಅದರಲ್ಲಿ ನಾಲ್ಕು ಕಾಡತೂಸು, ಅಂದರೆ ತೋಟಾ, ಸಾಲಾಗಿ ಮಲಗುತ್ತವೆ, ಮೇಲಿನ ನಳಿಗೆಯಲ್ಲಿ ಐದನೆಯದು. ಕಟ್ಟಿಗೆಯ ಹಿಡಿಕೆಯನ್ನು ಹಿಂದಕ್ಕೆ ಎಳೆದರೆ ಖಾಲಿಯಾದದ್ದು ಹೊರಗೆ ಹಾರುತ್ತದೆ, ಮುಂದಕ್ಕೆ ನೂಕಿದರೆ ಹೊಸದು ಒಳಗೆ ಬರುತ್ತದೆ. ಬರುತ್ತದೆ ಎಂದು ಸಾಹೇಬರು ಹೇಳಿದ್ದರು. ಆಮೇಲೆ ಯಾರೂ ನೋಡಲು ಹೋಗಿರಲಿಲ್ಲ. ಎರಡನೆಯ ಬಾರು ಹಾರುವವರೆಗೆ ಕಾಯುತ್ತಾ ನಿಲ್ಲುವಂಥ ಹಂದಿ ನಮ್ಮ ಸೀಮೆಯಲ್ಲಿ ಇಲ್ಲ. ಹಾಗಾಗಿ ಐದು ಬಾರಿನ ಬಂದೂಕು ಎಂಬ ಹೆಸರು ಒಂದೇ ಒಂದು ಬಾರಿನ ಮೇಲೆ ಇಷ್ಟು ವರ್ಷ ನಡೆದುಕೊಂಡು ಬಂದಿತ್ತು.

ಮಹಾನವಮಿ ಮುಗಿದ ವಾರ ಮುದುಕರಿಗೆ ಸಂಶಯ ಹತ್ತಿತು.

“ನಾ ಸತ್ತ ಮ್ಯಾಲೆ ನೀ ಎಷ್ಟ ಹಾರಸಿದಿ ಅಂತ ನನಗ ಹೆಂಗ ತಿಳೀಬೇಕು? ಈಗ ಹಾರಸು. ಇಲ್ಲೇ ಅಂಗಳದಾಗ. ನಾ ಎಣಸ್ತೀನಿ.”

“ಹೂಂ.”

ಅವನ ಹೆಂಡತಿ ರೇವವ್ವ ಅಡಿಗೆಮನೆಯಿಂದ ಹೊರಗೆ ಬಂದಳು. “ಅಂಗಳದಾಗ ಹಾರಸಿದ್ರ ಮಂದಿ ಏನ ತಿಳ್ಕೊಂಡಾರ್ರಿ?”

ಮಡಿವಾಳೆಪ್ಪ ವಿಚಾರ ಮಾಡಿದ. “ಏನೂ ತಿಳ್ಕೊಳ್ಳಂಗಿಲ್ಲ ಬಿಡು. ಅಪ್ಪ ಇನ್ನೂ ಅದಾನಲ್ಲ,” ಅಂದ.

ಅಂಗಳದ ನಡುವೆ ನಿಂತು ಮುಗಿಲಿಗೆ ಗುರಿ ಹಿಡಿದ. ಢಂ! ಬೇವಿನ ಗಿಡದ ಕಾಗೆಗಳೆಲ್ಲ ಎದ್ದವು. ಹಿಡಿಕೆ ಎಳೆದ, ಖಾಲಿಯಾದದ್ದು ಹಾರಿತು. ನೂಕಿದ, ಕುದುರೆ ಒತ್ತಿದ. ಟಕ್ ಎಂದಿತು. ಮತ್ತೆ ಎಳೆದ, ಮತ್ತೆ ನೂಕಿದ. ಟಕ್.

“ಒಂದು,” ಎಂದು ಒಳಗಿನಿಂದ ದನಿ ಬಂತು. “ಮುಂದ?”

ಮಡಿವಾಳೆಪ್ಪ ಬಂದೂಕನ್ನು ಮಗ್ಗುಲಾಗಿ ಹಿಡಿದು ನೋಡಿದ. ನಾಲ್ಕು ಕಾಡತೂಸು ಕೆಳಗಿನ ನಳಿಕೆಯಲ್ಲಿ ಹೊರಗೆ ಬರುವ ಮನಸ್ಸೇ ಇಲ್ಲದೆ ಮಲಗಿದ್ದವು. ಅಷ್ಟರಲ್ಲಿ ಕೆಳಗಿನ ಓಣಿಯಿಂದ ಅಳು ಕೇಳಿಸಿತು.

ಮೊದಲು ಓಡಿ ಬಂದವರು ಮಲ್ಲಕ್ಕ, ಶಂಭುಲಿಂಗಪ್ಪನವರ ಬೆನ್ನಿಗೆ ಬಿದ್ದ ತಂಗಿ. ಇದ್ದೂರಿಗೇ ಕೊಟ್ಟ ಹೆಣ್ಣುಮಗಳು. ತಾಯಿ ಸತ್ತಾಗ ತಾಯಿಯ ಬೀಸುಕಲ್ಲನ್ನು ತನಗೆ ಕೊಡಬೇಕೆಂದು ಆಕೆ, ಮನೆಯ ಕಲ್ಲು ಮನೆಯಲ್ಲೇ ಇರಬೇಕೆಂದು ಅಣ್ಣ ಹಟ ಹಿಡಿದಿದ್ದರು. ಅಂದಿನಿಂದ ಆಕೆ ತವರಿನ ಹೊಸ್ತಿಲು ತುಳಿದಿರಲಿಲ್ಲ. ಈಗ ಹಿಟ್ಟಿನ ಕೈಯಲ್ಲೇ ಎದೆ ಬಡಿದುಕೊಳ್ಳುತ್ತ, ಬರಿಗಾಲಲ್ಲಿ ಹೊಸ್ತಿಲು ದಾಟಿ ಬಂದು ನೆಲಕ್ಕೆ ಬಿದ್ದರು.

“ಅಣ್ಣಾ! ಆ ಕಲ್ಲ ನೀನ ಇಟ್ಗೊಳ್ಳೋ ನಮ್ಮಪ್ಪಾ! ನನಗ ಏನೂ ಬ್ಯಾಡ! ಒಮ್ಮಿ ಎದ್ದ ಕುಂದರೋ!”

ಶಂಭುಲಿಂಗಪ್ಪನವರು ಎದ್ದೇ ಕುಳಿತಿದ್ದರು. ಕೈಯಲ್ಲಿ ಚಹಾದ ಬಸಿ ಇತ್ತು. ಒಂದು ಗುಟುಕು ಹೀರಿ ಬಾಗಿಲಲ್ಲಿ ನೆರೆದವರ ಕಡೆ ನೋಡಿದರು.

“ಕಲ್ಲು ನಾನ ಇಟ್ಗೊಬೇಕಂತ. ಎಲ್ಲಾರೂ ಕೇಳಿದ್ರಿಲ್ಲೋ? ನಾಳೆ ಮಾತ ಬದಲ ಆಗಬಾರದು.”

ಮಲ್ಲಕ್ಕನ ಅಳು ನಿಂತಿತು. ಹಿಟ್ಟಾದ ಮುಖವನ್ನು ಸೆರಗಿನಿಂದ ಒರೆಸಿಕೊಂಡು ಎದ್ದರು. “ನೀ ಖರೇನ ಸತ್ರೂ ನಾ ಅಳಾಕ ಬರಾಂಗಿಲ್ಲ. ನನ್ನ ಕಣ್ಣೀರ ಹೊಳ್ಳಿ ಕೊಡು,” ಎಂದು ಹೊರಟುಹೋದರು. ತಂಗಿ ಹೋದ ದಾರಿಯನ್ನು ಮುದುಕರು ಬಹಳ ಹೊತ್ತು ನೋಡುತ್ತ ಕುಳಿತರು. ಬಸಿಯಲ್ಲಿದ್ದ ಚಹಾ ಕುಡಿಯಲಿಲ್ಲ.

ಅಂಗಳದಲ್ಲಿ ಬೇರೆಯೇ ತಾಪತ್ರಯ ನಡೆದಿತ್ತು. ಭಜನಿ ಮೇಳದವರು ತಾಳ, ಹಾರ್ಮೋನಿಯಂ ಹೊತ್ತುಕೊಂಡು ಬಂದಿದ್ದರು. ಬಂದ ಮೇಲೆ ಸುಮ್ಮನೆ ಹೋಗುವುದು ಹೇಗೆ ಎಂದು ಒಂದು ಹಾಡು ಶುರು ಮಾಡಿಯೇ ಬಿಟ್ಟಿದ್ದರು. ಹೊಳಬಸಪ್ಪ ಚೆಂಡುಹೂವಿನ ದೊಡ್ಡ ಮಾಲೆ ಹಿಡಿದು ಯಾರ ಕೊರಳಿಗೆ ಹಾಕಬೇಕೆಂದು ತಿಳಿಯದೆ ನಿಂತಿದ್ದ. ಅಷ್ಟರಲ್ಲಿ ಸುದ್ದಿ ತಿಳಿದು ಹವಾಲ್ದಾರ ಹನಮಂತಪ್ಪ ಸೈಕಲ್ ಮೇಲೆ ಬಂದರು. ಲೈಸೆನ್ಸು ಇದ್ದವರು ಸತ್ತರೆ ಬಂದೂಕನ್ನು ಠಾಣೆಗೆ ಒಯ್ಯಬೇಕೆಂಬುದು ನಿಯಮ.

“ಯಾರ ಸತ್ತಾರ?”

“ಯಾರೂ ಇಲ್ರಿ, ಸಾಹೇಬ್ರ,” ಅಂದ ಮಡಿವಾಳೆಪ್ಪ.

“ಮತ್ತ ಇಷ್ಟ ಮಂದಿ ಯಾಕ ಬಂದಾರ?”

“ಅಳಾಕ ಬಂದಾರ್ರಿ.”

“ಯಾರ ಸಲುವಾಗಿ?”

“ನಮ್ಮಪ್ಪನ ಸಲುವಾಗಿರಿ.”

“ಅವರೆಲ್ಲಿ ಅದಾರ?”

“ಒಳಗ ಚಾ ಕುಡ್ಯಾಕತ್ತಾರ್ರಿ.”

ಹವಾಲ್ದಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಹಾರ್ಮೋನಿಯಂ ಮಾತ್ರ ನಡೆದೇ ಇತ್ತು.

ಮರುದಿನದಿಂದ ಇಡೀ ಊರು ಬಂದೂಕಿನ ಪಂಡಿತರಿಂದ ತುಂಬಿಹೋಯಿತು. ಒಬ್ಬ ಎಣ್ಣೆ ಹಾಕಬೇಕೆಂದ, ಒಬ್ಬ ಬಿಸಿಲಿಗೆ ಇಡಬೇಕೆಂದ. ಜೀವಮಾನದಲ್ಲಿ ಬಂದೂಕು ಮುಟ್ಟದ ಕನಕಪ್ಪ, ಬಂದೂಕು ಕೂಡ ಎತ್ತಿನಂತೆ ಒಬ್ಬನೇ ಯಜಮಾನನ ಮಾತು ಕೇಳುತ್ತದೆ ಎಂದು ಕಟ್ಟೆಯ ಮೇಲೆ ಕುಳಿತು ಹೇಳಿದ. ಎಲ್ಲರಿಗೂ ‘ಹೂಂ’ ಅಂದ ಮಡಿವಾಳೆಪ್ಪ, ಎಣ್ಣೆಯನ್ನೂ ಹಾಕಿದ, ಬಿಸಿಲಿಗೂ ಇಟ್ಟ. ಕೊನೆಗೆ ಠಾಣೆಯಲ್ಲಿ ಹೇಳಿ, ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಹುಬ್ಬಳ್ಳಿಯ ಬಸ್ಸು ಹತ್ತಿದ.

ಹುಬ್ಬಳ್ಳಿಯಲ್ಲಿ ಬಂದೂಕು ರಿಪೇರಿ ಮಾಡುವ ಮಹಬೂಬಸಾಬ ಕೆಳಗಿನ ನಳಿಕೆಯ ಮುಚ್ಚಳ ತಿರುವಿ ತೆಗೆದು ಮೇಜಿನ ಮೇಲೆ ಬಡಿದರು. ಮೊದಲು ವಿಭೂತಿ ಉದುರಿತು. ಆಮೇಲೆ ಕುಂಕುಮ, ಅಕ್ಷತೆ, ಒಣಗಿದ ಬನ್ನಿ ಎಲೆ. ಕೊನೆಗೆ ಸಾಲಾಗಿ ಇರುವೆಗಳು.

“ಏನ್ರಿ ಇದು? ಬಂದೂಕನೋ ಗುಡಿನೋ?”

“ವರ್ಷಾ ಖಂಡೇಪೂಜಿ ಮಾಡ್ತೀವ್ರಿ ಮಹಾನವಮಿಗೆ,” ಅಂದ ಮಡಿವಾಳೆಪ್ಪ. “ಹೊರಗಿಂದ ಅಷ್ಟ ಹಚ್ಚಿದ್ರ ಭಕ್ತಿ ಕಡಿಮಿ ಆಗ್ತೈತಿ ಅಂತ ನಮ್ಮವ್ವ ಮುಚ್ಚಳ ತಗದು ಒಳಗೂ ಹಾಕ್ತಿದ್ಲು. ಈಗ ನಮ್ಮ ಮನಿಯಾಕಿ ಹಾಕ್ತಾಳ.”

“ಇರುವಿ ಯಾಕ ಬಂದಾವು?”

“ಹೋಳಿಗಿ ಎಡಿ ತೋರಸ್ತೀವ್ರಿ. ತುಪ್ಪ ಒಂದ ಹನಿ ಬಿದ್ದಿರಬೇಕು.”

ಮೂವತ್ತು ವರ್ಷದ ಭಕ್ತಿ ನಳಿಕೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಕಾಡತೂಸನ್ನು ಹಿಂದಕ್ಕೆ ನೂಕುವ ಸ್ಪ್ರಿಂಗು ಆ ಕೆಸರಿನಲ್ಲಿ ಸಿಕ್ಕು ಅಲುಗಾಡದಂತಾಗಿತ್ತು. ತೊಳೆದು ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟು ದೂರದಿಂದ ಬಂದ ಗಿರಾಕಿಗೆ ಬರೀ ತೊಳೆದು ಕೊಡುವುದು ಮಹಬೂಬಸಾಬರಿಗೆ ಸರಿ ಕಾಣಲಿಲ್ಲ.

“ಸ್ಪ್ರಿಂಗ್ ಸತ್ತೈತ್ರಿ. ಈ ಕಂಪನಿದು ಈಗ ಸಿಗಂಗಿಲ್ಲ. ಬ್ಯಾರೆ ಕಂಪನಿ ಬಂದೂಕಿಂದ ಒಂದೈತಿ, ಹಾಕ್ತೀನಿ. ಅಗದಿ ಬರೋಬ್ಬರಿ ಕೂಡತೈತಿ. ಎಲ್ಲಾ ಬಂದೂಕೂ ಅಣ್ಣತಮ್ಮರ ಇದ್ದಂಗ.”

“ಹೂಂ,” ಅಂದ ಮಡಿವಾಳೆಪ್ಪ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಹೇಗಿರುತ್ತಾರೆಂಬುದು ಒಬ್ಬನೇ ಮಗನಾದ ಅವನಿಗೆ ಹೇಗೆ ಗೊತ್ತಾಗಬೇಕು? ಹಳೆಯ ಸ್ಪ್ರಿಂಗನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ. ಬರುವಾಗ ಅಂಗಡಿಯಲ್ಲಿ ಹೊಸ ಕಾಡತೂಸುಗಳನ್ನೂ ಕೊಂಡ. ಅವು ಹಳೆಯವಕ್ಕಿಂತ ತುಸು ಉದ್ದ. ಉದ್ದ ಇದ್ದರೆ ಸದ್ದೂ ಜಾಸ್ತಿ ಎಂದು ಅವನ ಲೆಕ್ಕ. ಬಂದೂಕಿನ ಮೈಮೇಲೆ ಅಳತೆ ಕೆತ್ತಿದ್ದರು, ಅದನ್ನು ಯಾರೂ ಓದಲಿಲ್ಲ.

ಎರಡನೆಯ ಸಲ ಮುದುಕರು ಎಣಿಸಲು ತಯಾರಾಗಿ ದಿಂಬಿಗೆ ಒರಗಿ ಕುಳಿತರು. ಢಂ! ಮಡಿವಾಳೆಪ್ಪ ಹಿಡಿಕೆ ಎಳೆದ. ಹೊಸ ಸ್ಪ್ರಿಂಗಿನ ಹುರುಪು ನೋಡಬೇಕಿತ್ತು. ಒಂದರ ಬದಲು ಎರಡು ಕಾಡತೂಸನ್ನು ಒಟ್ಟಿಗೆ ತಳ್ಳಿತು. ಸಂತೆಯ ದಿನ ಬಸ್ಸಿನ ಬಾಗಿಲಲ್ಲಿ ಇಬ್ಬರು ಒಮ್ಮೆಗೇ ನುಗ್ಗಿದ ಹಾಗೆ ಎರಡೂ ಸಿಕ್ಕಿಕೊಂಡವು. ಹಿಡಿಕೆ ಹಿಂದೆ ಬರಲೊಲ್ಲದು, ಮುಂದೆ ಹೋಗಲೊಲ್ಲದು.

“ಒಂದು,” ಒಳಗಿನಿಂದ ದನಿ ಬಂತು. ಈ ಸಲ “ಮುಂದ?” ಅನ್ನಲಿಲ್ಲ.

ಜನ ಈ ಸಲವೂ ಬಂದರು, ಆದರೆ ಉಣ್ಣುತ್ತಿದ್ದವರು ಉಂಡು ಮುಗಿಸಿ, ಕೈತೊಳೆದು, ಎಲೆ ಅಡಿಕೆ ಹಾಕಿಕೊಂಡು ಬಂದರು. ಹೊಳಬಸಪ್ಪ ಮಾಲೆ ತಂದಿರಲಿಲ್ಲ, ಹೋದ ಸಲದ್ದನ್ನು ಎತ್ತಿನ ಕೊರಳಿಗೆ ಹಾಕಬೇಕಾಗಿ ಬಂದಿತ್ತು. ಗೇಟಿನ ಹತ್ತಿರವೇ ನಿಂತು, “ಖರೇನೋ, ರಿಪೇರಿನೋ?” ಎಂದು ಕೇಳಿದ. ಮಲ್ಲಕ್ಕ ಬರಲಿಲ್ಲ. ಓಣಿಯ ತಿರುವಿನವರೆಗೆ ಓಡಿ ಬಂದು ಅಲ್ಲಿಂದಲೇ ಹೊಳ್ಳಿದರೆಂದು ಯಾರೋ ಹೇಳಿದರು.

ಹವಾಲ್ದಾರ ಹನಮಂತಪ್ಪನವರ ಸಿಟ್ಟು ನೆತ್ತಿಗೇರಿತ್ತು. ಎದುರುಗಾಳಿಗೆ ಸೈಕಲ್ ತುಳಿದು ಬಂದಿದ್ದರು. “ನಿಮ್ಮಪ್ಪ ಸಾಯೂಮಟಾ ನಾ ಹಿಂಗ ಸೈಕಲ್ ಹೊಡೀಲೇನು? ಇದಕ್ಕೊಂದ ಬಂದೋಬಸ್ತ್ ಮಾಡ್ತೀನಿ ತಡಿ,” ಎಂದು ಡಂಗುರ ಹೊಡೆಯುವ ತಿರಕಪ್ಪನನ್ನು ಕರೆಸಿದರು. ಅರ್ಧ ತಾಸಿನೊಳಗೆ ಊರ ತುಂಬ ಹಲಗೆಯ ಸದ್ದು.

“ಕೇಳ್ರಪೋ ಕೇಳ್ರಿ! ಶಂಭುಲಿಂಗಪ್ಪನವರ ಮನ್ಯಾಗ ಬಂದೂಕ ಹಾರಿದ್ರ ಯಾರೂ ಗಾಬರಿ ಆಗಬ್ಯಾಡ್ರಿ! ಯಾರೂ ಅಳಬ್ಯಾಡ್ರಿ! ಹೊಲದ ಕೆಲಸ ಬಿಟ್ಟ ಬರಬ್ಯಾಡ್ರಿ! ಅದು ಬರೇ ದುರಸ್ತಿ ಐತಿ! ಸರಕಾರದ ಹುಕುಂ ಐತ್ರಪೋ!”

ತಿರಕಪ್ಪ ಕರ್ತವ್ಯನಿಷ್ಠ ಮನುಷ್ಯ. ಎಲ್ಲ ಓಣಿಯಲ್ಲಿ ಸಾರಿದವನು ಶಂಭುಲಿಂಗಪ್ಪನವರ ಮನೆಯ ಮುಂದೆಯೂ ನಿಂತು ಅಷ್ಟೇ ಗಟ್ಟಿಯಾಗಿ ಸಾರಿದ. ಒಳಗೆ ಮುದುಕರು ಒಂದಕ್ಷರ ಬಿಡದೆ ಕೇಳಿಸಿಕೊಂಡರು.

ಸಂಜೆ ರೇವವ್ವ ಅಂಬಲಿ ಕೊಟ್ಟು ಹೋದ ಮೇಲೆ ಅವರು ಮಗನನ್ನು ಹತ್ತಿರ ಕರೆದರು. “ಮಡಿವಾಳಾ, ಇದು ಹೊಳಬಸಪ್ಪನ ಮ್ಯಾಲಿನ ಹಟ ಅಂತ ತಿಳದೀಯೇನು?”

“ಹೂಂ.”

“ಅಲ್ಲೋ. ನನಗ ಅಂಜಿಕಿ ಐತಿ. ಈ ಊರಾಗ ಅರ್ಧಾ ಮಂದಿ ಕೂಡ ಜಗಳಾಡೇನಿ. ಉಳದ ಅರ್ಧಾ ಮಂದಿ ನನ್ನ ಕೂಡ ಜಗಳಾಡ್ಯಾರ. ಒಂದ ಬಾರ ಹಾರಿದ್ರ, ಹೋತ ಬಿಡು ಅಂತ ಕುಂತಲ್ಲೇ ಕುಂಡ್ರತಾರ. ಐದ ಹಾರಿದ್ರ ಕುಂಡ್ರಾಕ ಆಗಂಗಿಲ್ಲ. ಬಂದ ಬರತಾರ. ಮಲ್ಲಿನೂ ಬರತಾಳ.” ದಮ್ಮು ಏರಿತು, ಸುಧಾರಿಸಿಕೊಂಡರು. “ಈಗ ಬರಬ್ಯಾಡ್ರಿ ಅಂತ ಡಂಗುರಾನ ಹೊಡಸ್ಯಾರ.”

ಮಡಿವಾಳೆಪ್ಪನಿಗೆ ಸಂಕಟವಾಯಿತು. ಅಪ್ಪನಿಗೆ ಅಂಜಿಕೆ ಎಂಬುದು ಇದೆಯೆಂದು ಅವನು ಎಂದೂ ಎಣಿಸಿರಲಿಲ್ಲ. ಮತ್ತೆ ‘ಹೂಂ’ ಅಂದ.

ಅಲ್ಲಿಂದ ಮುಂದೆ ಬಂದೂಕು ಊರಿನ ನಿತ್ಯದ ಸಂಗತಿಯಾಯಿತು. ಮಡಿವಾಳೆಪ್ಪ ಗದಗಿಗೆ ಹೋಗಿ ಬಂದ, ಬೆಳಗಾವಿಗೆ ಹೋಗಿ ಬಂದ. ಒಂದು ಕಡೆ ಮುಚ್ಚಳ ಬದಲಿಸಿದರು, ಅದರ ಹಲ್ಲು ಕೂಡಲಿಲ್ಲ. ಇನ್ನೊಂದು ಕಡೆ ಕಾಡತೂಸು ಎತ್ತುವ ಪಟ್ಟಿ ಬದಲಿಸಿದರು, ಅದು ಎತ್ತುವ ಬದಲು ಕೆಳಗೆ ಒತ್ತಿತು. ರಿಪೇರಿಯಾಗಿ ಬಂದ ದಿನ ಒಂದು ಬಾರು ಹಾರುತ್ತಿತ್ತು, ಆಮೇಲೆ ಟಕ್. ಜನ ಡಂಗುರದ ಮಾತಿಗೆ ಮರ್ಯಾದೆ ಕೊಟ್ಟು ಕುಳಿತಲ್ಲಿಂದ ಅಲುಗಲಿಲ್ಲ. ಹಿಂದಿನ ಮನೆಯ ದುಂಡವ್ವ ಮಾತ್ರ ಗೋಡೆಯ ಮೇಲಿಂದ ಇಣುಕಿ, “ಇವತ್ತೂ ಒಂದ ಆತೇನೋ ಯಪ್ಪಾ?” ಎಂದು ಕೇಳುತ್ತಿದ್ದಳು. “ಹೂಂ” ಎಂದರೆ ಚು ಚು ಎಂದು ಮರುಗುತ್ತಿದ್ದಳು.

ವಿಚಿತ್ರವೆಂದರೆ, ಮುದುಕರ ಬಗ್ಗೆ ಮರುಗದ ಊರು ಬಂದೂಕಿನ ಬಗ್ಗೆ ಮರುಗತೊಡಗಿತು. ರೇವವ್ವ ಯಮನೂರಿನ ದರ್ಗಾಕ್ಕೆ ಹೋಗಿ ಬಂದೂಕಿನ ಹೆಸರಿನಲ್ಲಿ ಸಕ್ಕರೆ ಓದಿಸಿಕೊಂಡು ಬಂದಳು. ಆ ಸಕ್ಕರೆಯನ್ನು ನಳಿಕೆಗೆ ಹಾಕದಂತೆ ತಡೆಯುವುದೇ ಮಡಿವಾಳೆಪ್ಪನಿಗೆ ಕಷ್ಟವಾಯಿತು. ಭಜನಿಯವರು ಮಂಗಳಾರತಿಯಲ್ಲಿ ಬಂದೂಕನ್ನೂ ನೆನೆದರು. ಇತ್ತ ಶಂಭುಲಿಂಗಪ್ಪನವರು ದಿನದಿಂದ ದಿನಕ್ಕೆ ಸೊರಗಿದರು. ಎಣಿಸಲು ಎತ್ತಿದ ಬೆರಳು ಹಾಸಿಗೆಗೆ ಬಿದ್ದುಹೋಗುತ್ತಿತ್ತು.

ಹತ್ತಿ ಬಿಡಿಸುವ ಕಾಲ ಬಂತು. ಆ ದಿನ ಮುಂಜಾನೆ ರೇವವ್ವ ಆಳುಗಳನ್ನು ಕರೆದುಕೊಂಡು ಹೊಲಕ್ಕೆ ಹೋದಳು. ಮನೆಯಲ್ಲಿ ಅಪ್ಪ ಮಗ ಇಬ್ಬರೇ. ಮಡಿವಾಳೆಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಬಂದೂಕು ಬಿಚ್ಚಿದ. ಅವನಿಗೆ ಸಾಕಾಗಿಹೋಗಿತ್ತು. ಬೇರೆ ಕಡೆಯಿಂದ ತಂದು ಹಾಕಿದ್ದನ್ನೆಲ್ಲ ತೆಗೆದು ಬುಟ್ಟಿಗೆ ಎಸೆದ. ಪ್ರತಿ ಸಲ ಕೇಳಿ ತಂದಿಟ್ಟಿದ್ದ ಮೊದಲಿನ ಸ್ಪ್ರಿಂಗು, ಮೊದಲಿನ ಪಟ್ಟಿ, ಮೊದಲಿನ ಮುಚ್ಚಳ, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಮೊದಲಿದ್ದ ಹಾಗೆ ಕೂಡಿಸಿದ. ಉದ್ದದ ಕಾಡತೂಸು ಮುಗಿದಿದ್ದವು. ಹೊಳಬಸಪ್ಪ ಪಾಪ ಅನ್ನಿಸಿ ತನ್ನ ಮನೆಯ ಗಿಡ್ಡ ಕಾಡತೂಸು ಐದು ಕೊಟ್ಟಿದ್ದ. ಹೀಗೆ ನಾಲ್ಕು ತಿಂಗಳು ತಿರುಗಾಡಿದ ಮೇಲೆ ಆ ಬಂದೂಕಿನಲ್ಲಿ ಆ ಬಂದೂಕಿನವೇ ಸಾಮಾನುಗಳು ಬಂದು ಕೂತವು.

“ಅಪ್ಪಾ, ಇವತ್ತ ಒಂದ್ಸಲ ನೋಡೂಣು,” ಎಂದು ಕೂಗಿದ.

ಉತ್ತರ ಬರಲಿಲ್ಲ. ಒಳಗೆ ಹೋದ. ಚಹಾದ ಬಸಿ ಇಟ್ಟಲ್ಲೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಶಂಭುಲಿಂಗಪ್ಪನವರ ತಲೆ ಬಾಗಿಲ ಕಡೆ ವಾಲಿತ್ತು, ಯಾರಾದರೂ ಬಂದರೋ ಎಂದು ನೋಡುವ ಹಾಗೆ. ಮಡಿವಾಳೆಪ್ಪ ಮೂಗಿನ ಹತ್ತಿರ ಕೈ ಹಿಡಿದ. ಅಪ್ಪನ ಕಾಲು ಮುಟ್ಟಿದ, ತಣ್ಣಗಿತ್ತು. ಎದೆಯೊಳಗಿನಿಂದ ಅಳು ಒತ್ತಿ ಬಂತು. ಬಾಯಿ ತೆರೆದವನು ಮುಚ್ಚಿಕೊಂಡ. ಮೊದಲು ಬಾರು, ಆಮೇಲೆ ಅಳು.

ಅಂಗಳಕ್ಕೆ ಬಂದು ಐದೂ ಕಾಡತೂಸು ತುಂಬಿದ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಢಂ! ಹಿಡಿಕೆ ಎಳೆದು ನೂಕಿದ. ಢಂ! ಕೈ ತನ್ನಷ್ಟಕ್ಕೆ ತಾನೇ ನಡೆಯಿತು. ಢಂ! ಢಂ! ಎಲ್ಲಿಯೂ ಸಿಗಲಿಲ್ಲ, ಎಲ್ಲಿಯೂ ತಡೆಯಲಿಲ್ಲ. ಐದನೆಯದೂ ಹಾರಿತು.

ಬಂದೂಕು ಇಳಿಸಿ, ಅಳು ಕೇಳಿಸುವುದನ್ನು ಕಾಯುತ್ತ ನಿಂತ.

ಮೊದಲು ಕೇಳಿಸಿದ್ದು ಹೊಳಬಸಪ್ಪನ ಮಾಳಿಗೆಯಿಂದ ಒಂದು ಸಿಳ್ಳು. “ಐದಲೇ! ಐದೂ ಹಾರಿದ್ವು!” ಗೋಡೆಯ ಮೇಲೆ ದುಂಡವ್ವನ ಮುಖ ಕಾಣಿಸಿತು, ನಗುವಿನಿಂದ ಹಿಗ್ಗಿತ್ತು. ಊರ ಕಟ್ಟೆಯ ಮೇಲಿದ್ದವರೆಲ್ಲ ಎದ್ದರು. ಡಂಗುರಕ್ಕೆ ಮೊದಲೂ ಬಾರದಿದ್ದಷ್ಟು ಜನ ಬಂದರು. ಶಂಭುಲಿಂಗಪ್ಪನವರ ಜೊತೆ ಮಾತು ಬಿಟ್ಟವರೂ ಬಂದರು. ತಿರಕಪ್ಪ ಹಲಗೆ ಬಾರಿಸುತ್ತಲೇ ಬಂದ. ಹೊಳಬಸಪ್ಪ ಮಡಿವಾಳೆಪ್ಪನ ಬಾಯಿಗೆ ಒಂದು ಹಿಡಿ ಸಕ್ಕರೆ ತುರುಕಿದ.

“ಅಪ್ಪ...” ಅಂದ ಮಡಿವಾಳೆಪ್ಪ. ಬಾಯಿಯಲ್ಲಿ ಸಕ್ಕರೆ, ಕಿವಿಯಲ್ಲಿ ಹಲಗೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು.

“ನೋಡ್ರಿ, ಖುಷಿಗೆ ಅಳಾಕತ್ತಾನ!” ಎಂದು ಕನಕಪ್ಪ ಬೆನ್ನು ಚಪ್ಪರಿಸಿದ. “ಯಜಮಾನ್ರು ಎಚ್ಚರ ಇದ್ರಿಲ್ಲೋ? ಕೇಳಿದ್ರಿಲ್ಲೋ?”

“ಹೂಂ,” ಎಂದುಬಿಟ್ಟ ಮಡಿವಾಳೆಪ್ಪ.

“ಐದೂ ಎಣಿಸಿದ್ರೇನು?”

“ಹೂಂ.”

ಹವಾಲ್ದಾರ ಹನಮಂತಪ್ಪ ಅದೇ ದಾರಿಯಲ್ಲಿ ಹೊರಟಿದ್ದವರು ಸೈಕಲ್ ನಿಲ್ಲಿಸಿದರು. “ಶಾಬಾಸ್! ಇನ್ನ ಯಜಮಾನ್ರು ನಿಶ್ಚಿಂತಿಯಿಂದ ಹೋಗಬೌದು,” ಅಂದರು. ಎಲ್ಲರೂ ನಕ್ಕರು.

ಆ ನಗುವಿನ ನಡುವೆ ಜನರನ್ನು ಸರಿಸಿಕೊಂಡು ಮಲ್ಲಕ್ಕ ಬಂದರು. ಒಂದು ಕೈಯಲ್ಲಿ ಸೆರಗು ಮುಚ್ಚಿದ ಬಟ್ಟಲು. ಇನ್ನೊಂದು ಕೈಯ ಐದೂ ಬೆರಳು ಅಗಲಿಸಿ ಮಡಿವಾಳೆಪ್ಪನ ಮುಂದೆ ಹಿಡಿದರು.

“ನಾನೂ ಎಣಿಸೇನೋ! ಇಷ್ಟ ದಿನಾ ಒಂದ ಆದಾಗೆಲ್ಲ ಮುಂದಿಂದಕ್ಕ ಕಿವಿ ಕೊಟ್ಟ ಕುಂದರತಿದ್ದೆ. ಎಮ್ಮಿ ಈದೈತಿ, ಗಿಣ್ಣ ತಂದೀನಿ. ಅವಗ ಬಾಳ ಸೇರತೈತಿ.” ಮನೆಯ ಬಾಗಿಲಿನ ಕಡೆ ಕಣ್ಣು ಹಾಯಿಸಿ ದನಿ ಇಳಿಸಿದರು. “ಅಂತೂ ಅಂದಂಗ ಮಾಡಿಸಿದ ನೋಡು ಮುದುಕ. ಐದ ಕೇಳಿ ಏನಂದ ನಮ್ಮಣ್ಣ?”

ಇದಕ್ಕೆ ‘ಹೂಂ’ ಅನ್ನಲು ಬರುವಂತಿರಲಿಲ್ಲ. ಮಡಿವಾಳೆಪ್ಪ ಬಾಯಿಯಲ್ಲಿದ್ದ ಸಕ್ಕರೆಯನ್ನು ನುಂಗಿದ.

“ಏನೂ ಅನ್ನಲಿಲ್ಲ, ಅತ್ತಿ,” ಅಂದ.

ಮಲ್ಲಕ್ಕನ ಮುಖದಿಂದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.